ನಿಜಿನ್ಸ್ಕಾ ಕಟ್ಟಿದ ಮದುವೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ರಷ್ಯ ದೇಶದ ಒಬ್ಬ ನರ್ತಕಿಯ ವಿಷಯ ಮಾತಾಡಹೊರಟಿದ್ದೇವೆಂದರೆ, ಇದೇನು ಸಂಬಂಧವಿಲ್ಲದ ಪುರಾಣವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಕನ್ನಡದ ಹಬ್ಬದ ದಿನ ಪಂಪನ ಮಾತೋ, ಬಸವಣ್ಣನವರ ಮಾತೋ, ಏಕೀಕರಣಕ್ಕಾಗಿ ದುಡಿದವರ ಮಾತೋ ಬರುವುದು ಸಹಜ. ಆ ಮಾತುಗಳನ್ನು ನಮಗಿಂತ ಚೆನ್ನಾಗಿ ಆಡಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಾವು ಆರಿಸಿಕೊಂಡಿರುವುದು ಹುಟ್ಟಿದ ನಾಡನ್ನು ಬಿಟ್ಟು ಬಂದ ಒಬ್ಬ ಕಲಾವಿದೆಯ ಕಥೆಯನ್ನು. ತನ್ನ ನಾಡಿನಿಂದ ಸಾವಿರ ಮೈಲಿಗೂ ಮಿಕ್ಕ ದೂರದಲ್ಲಿ, ಪರರ ನಗರದಲ್ಲಿ, ಪರರ ಭಾಷೆಯ ನಡುವೆ ನಿಂತು, ಈಕೆ ತನ್ನ ನಾಡಿನ ಹಳ್ಳಿಯ ಮದುವೆಯೊಂದನ್ನು ರಂಗದ ಮೇಲೆ ಕಟ್ಟಿದರು. ಕಟ್ಟಿದ ರೀತಿ ಎಷ್ಟು ಹೊಸತಾಗಿತ್ತೆಂದರೆ ಇಂದಿಗೂ ಅದನ್ನು ಹೊಸತೆಂದೇ ಕರೆಯುತ್ತಾರೆ. ಊರು ಬಿಟ್ಟವರು ಊರನ್ನು ಹೇಗೆ ನೆನೆಯಬೇಕೆಂಬ ಪ್ರಶ್ನೆ ನಮ್ಮ ನಿಮ್ಮ ಮನೆಗಳಲ್ಲಿಯೂ ಇದೆ. ಆದುದರಿಂದ ಈ ಕಥೆ ನಮಗೆ ತೀರ ಹೊರಗಿನದಲ್ಲ.

ಈಕೆಯ ಹೆಸರು ಬ್ರೊನಿಸ್ಲಾವಾ ನಿಜಿನ್ಸ್ಕಾ. ನಿಜಿನ್ಸ್ಕಿ ಎಂಬ ಹೆಸರನ್ನು ಕೇಳಿದವರು ನಮ್ಮಲ್ಲಿ ಹಲವರಿರಬಹುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯೂರೋಪನ್ನೆಲ್ಲ ಬೆರಗುಗೊಳಿಸಿದ ನರ್ತಕ ವಾಸ್ಲಾವ್ ನಿಜಿನ್ಸ್ಕಿ ಇವರ ಅಣ್ಣ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಪಶ್ಚಿಮ ದೇಶಗಳಲ್ಲಿ ಕೀರ್ತಿ ಪಡೆದ ರಾಮ್ ಗೋಪಾಲರನ್ನು ಅಲ್ಲಿನವರು ಮೆಚ್ಚಿ ‘ಭಾರತದ ನಿಜಿನ್ಸ್ಕಿ’ ಎಂದು ಕರೆದದ್ದುಂಟು. ಅಣ್ಣನ ಹೆಸರು ಅಷ್ಟು ದೂರ ಹರಡಿತು. ತಂಗಿಯ ಹೆಸರು ಬಹುಕಾಲ ಅಣ್ಣನ ಹೆಸರಿನ ನೆರಳಿನಲ್ಲಿಯೇ ಉಳಿಯಿತು. ಇವತ್ತು ಆ ನೆರಳಿನಿಂದ ಆಕೆಯನ್ನು ಸ್ವಲ್ಪ ಈಚೆಗೆ ಕರೆದು ನೋಡೋಣ.

ಬ್ಯಾಲೆ ಎಂಬ ಮಾತು ನಮಗೆ ಅಪರಿಚಿತವಲ್ಲ. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತುಗಾರಿಕೆಯನ್ನು ಬಿಟ್ಟು, ಹಾಡು ಕುಣಿತಗಳಿಂದಲೇ ಪ್ರಸಂಗವನ್ನು ನಡೆಸಿ, ಅದನ್ನು ‘ಯಕ್ಷಗಾನ ಬ್ಯಾಲೆ’ ಎಂದು ಕರೆದರು. ಮೂಲದ ಬ್ಯಾಲೆ ಇಟಲಿ ಮತ್ತು ಫ್ರಾನ್ಸ್ ದೇಶಗಳ ಅರಮನೆಗಳಲ್ಲಿ ಬೆಳೆದ ಕಲೆ. ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿ ಅದಕ್ಕೆಂದೇ ಒಂದು ಅಕಾಡೆಮಿಯನ್ನು ಸ್ಥಾಪಿಸಿದನು. ಅಲ್ಲಿಂದ ಅದು ರಷ್ಯದ ಚಕ್ರವರ್ತಿಗಳ ಆಸ್ಥಾನಕ್ಕೆ ಬಂದಿತು. 1738ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ನೃತ್ಯಶಾಲೆಯೊಂದು ಆರಂಭವಾಯಿತು. ನಮ್ಮ ಭರತನಾಟ್ಯದ ನರ್ತಕಿ ಅರೆಮಂಡಿಯಲ್ಲಿ ಕುಳಿತು ನೆಲವನ್ನು ಒಪ್ಪಿಕೊಂಡರೆ, ಬ್ಯಾಲೆಯ ನರ್ತಕಿ ಕಾಲ್ಬೆರಳ ತುದಿಯ ಮೇಲೆ ನಿಂತು ನೆಲವನ್ನೇ ಮರೆತವಳಂತೆ ಕಾಣಬೇಕು. ನಡುವೆ ನಾಯಕಿ, ಎರಡು ಪಕ್ಕಗಳಲ್ಲಿ ಸಾಲುಸಾಲಾಗಿ ಸಖಿಯರು, ಮೈಮೇಲೆ ರೇಷ್ಮೆ, ತಲೆಯ ಮೇಲೆ ಕಿರೀಟ, ಕಥೆಯೋ ರಾಜಕುಮಾರ ರಾಜಕುಮಾರಿಯರದು. ಫ್ರಾನ್ಸಿನಿಂದ ಬಂದು ರಷ್ಯದಲ್ಲಿ ನೆಲಸಿದ ಪೆಟಿಪಾ ಎಂಬ ನೃತ್ಯಗುರು ಈ ಬಗೆಯನ್ನು ಅದರ ಪೂರ್ಣತೆಗೆ ಮುಟ್ಟಿಸಿದರು. ಅವರ ‘ನಿದ್ರಿಸುವ ಸುಂದರಿ’ 1890ರಲ್ಲಿ ರಂಗಕ್ಕೆ ಬಂದಿತು.

ಅದಾದ ಮರುವರ್ಷ, ಎಂದರೆ 1891ರ ಜನವರಿಯಲ್ಲಿ, ಮಿನ್ಸ್ಕ್ ನಗರದಲ್ಲಿ ಬ್ರೊನಿಸ್ಲಾವಾ ಹುಟ್ಟಿದರು. ತಂದೆ ತಾಯಿ ಇಬ್ಬರೂ ಪೋಲೆಂಡಿನವರು, ಇಬ್ಬರೂ ನರ್ತಕರು. ನಮ್ಮ ವೃತ್ತಿನಾಟಕ ಕಂಪನಿಗಳ ಸಂಸಾರಗಳಂತೆ ಊರಿಂದೂರಿಗೆ ಗಂಟು ಮೂಟೆ ಕಟ್ಟಿಕೊಂಡು ತಿರುಗಿದವರು. ಮಕ್ಕಳು ಬೆಳೆದದ್ದು ರಂಗದ ಹಿಂದಿನ ಪರದೆಗಳ ಮಗ್ಗುಲಲ್ಲಿ. ಕೆಲವು ಕಾಲದ ಮೇಲೆ ತಂದೆ ಸಂಸಾರವನ್ನು ಬಿಟ್ಟು ಹೋದರು. ತಾಯಿ ಎಲಿಯನೋರಾ ಮೂವರು ಮಕ್ಕಳನ್ನು ಕಟ್ಟಿಕೊಂಡು ಪೀಟರ್ಸ್‌ಬರ್ಗಿನಲ್ಲಿ ನಿಂತರು. ಹಿರಿಯ ಮಗ ಸ್ಟಾನಿಸ್ಲಾವ್ ಎಳೆತನದಲ್ಲಿಯೇ ಕಿಟಕಿಯಿಂದ ಬಿದ್ದು ಪೆಟ್ಟು ತಿಂದವನು. ಅವನ ಬುದ್ಧಿ ಬೆಳೆಯಲಿಲ್ಲ. ಉಳಿದ ಇಬ್ಬರಿಗೆ ಒಂದು ನೆಲೆ ಸಿಕ್ಕರೆ ಸಾಕೆಂಬುದು ಆ ತಾಯಿಯ ಹಂಬಲ. ಚಕ್ರವರ್ತಿಯ ನಾಟಕ ಶಾಲೆಗೆ 1898ರಲ್ಲಿ ಮಗ ವಾಸ್ಲಾವ್ ಸೇರಿದ. 1900ರಲ್ಲಿ ಮಗಳು ಸೇರಿದಳು.

ಆ ಶಾಲೆಯ ಶಿಕ್ಷಣ ಸಡಿಲವಾದುದಲ್ಲ. ಚೆಕೆಟ್ಟಿ, ಲೆಗಾಟ್, ಫೊಕೀನ್ ಮೊದಲಾದವರ ಕೈಯಲ್ಲಿ ವರ್ಷಾನುವರ್ಷ ಅದೇ ಪಾದಭೇದಗಳು, ಅದೇ ಅಭ್ಯಾಸ. 1908ರಲ್ಲಿ ಹುಡುಗಿ ತೇರ್ಗಡೆಯಾಗಿ ಮಾರಿನ್ಸ್ಕಿ ರಂಗಮಂದಿರವನ್ನು ಸೇರಿದಳು. ಜೀವನವೆಲ್ಲ ಭದ್ರವಾದ ಸರಕಾರಿ ನೌಕರಿ ಅದು. ಕೊನೆಗೆ ಪಿಂಚಣಿಯೂ ಉಂಟು. ಮುಂದೆ ಆಕೆ ಏನೇನು ಹೊಸತನ್ನು ಮಾಡಿದರೂ ಅದೆಲ್ಲ ಈ ಹಳೆಯ ಶಿಕ್ಷಣದ ಮೇಲೆ ನಿಂತದ್ದೆಂಬುದನ್ನು ನಾವು ಮರೆಯಬಾರದು. ಕಲಿಯದೆ ಬಿಟ್ಟವರು ಬೇರೆ, ಕಲಿತು ಬಿಟ್ಟವರು ಬೇರೆ.

1909ರಲ್ಲಿ ಡಯಾಗಿಲೆವ್ ಎಂಬ ಸಾಹಸಿ ರಷ್ಯದ ನರ್ತಕರ ತಂಡವೊಂದನ್ನು ಪ್ಯಾರಿಸ್ಸಿಗೆ ಕರೆದೊಯ್ದರು. ಸ್ವತಃ ಕುಣಿಯುವವರಲ್ಲ. ಯಾರಲ್ಲಿ ಯಾವ ಶಕ್ತಿಯಿದೆಯೆಂದು ಕಂಡುಹಿಡಿಯುವುದರಲ್ಲಿ ಅವರಿಗೆ ಸಮನಾದವರಿರಲಿಲ್ಲ. ಅಣ್ಣ ತಂಗಿಯರಿಬ್ಬರೂ ಆ ತಂಡದಲ್ಲಿದ್ದರು. 1911ರಲ್ಲಿ ಉಡುಪಿನ ವಿಷಯವಾಗಿ ಎದ್ದ ತಕರಾರಿನಲ್ಲಿ ಮಾರಿನ್ಸ್ಕಿಯವರು ಅಣ್ಣನನ್ನು ಕೆಲಸದಿಂದ ತೆಗೆದುಹಾಕಿದಾಗ, ತಂಗಿಯೂ ರಾಜೀನಾಮೆ ಕೊಟ್ಟು ಹೊರಬಂದಳು. ಕೈಯಲ್ಲಿದ್ದ ಪಿಂಚಣಿಯ ನೌಕರಿಯನ್ನು ಇಪ್ಪತ್ತರ ಹರೆಯದಲ್ಲಿ ಬಿಡುವುದೆಂದರೆ ಏನೆಂಬುದನ್ನು, ನೌಕರಿಗಾಗಿಯೇ ಊರು ಬಿಟ್ಟು ಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿಯೇ ವಾಸ್ಲಾವ್‌ಗೆ ತಾನೇ ನೃತ್ಯವನ್ನು ಸಂಯೋಜಿಸಬೇಕೆಂಬ ಬಯಕೆ ಹುಟ್ಟಿತು. ಮನೆಯಲ್ಲಿ, ಕನ್ನಡಿಯ ಮುಂದೆ, ಆತ ತನ್ನ ಮೊದಲ ಪ್ರಯೋಗಗಳನ್ನು ಮಾಡಿದ್ದು ತಂಗಿಯ ಮೈಯ ಮೇಲೆ. ಶಿಲ್ಪಿಗೆ ಮಣ್ಣು ಹೇಗೋ ಹಾಗೆ ಆತನಿಗೆ ಆಕೆ. ಕೈ ಹೀಗೆ, ಮೊಣಕಾಲು ಹೀಗೆ, ಮುಖ ಒಂದು ಕಡೆಗೆ, ಎದೆ ಇನ್ನೊಂದು ಕಡೆಗೆ. ಗ್ರೀಕರ ಹಳೆಯ ಪಾತ್ರೆಗಳ ಮೇಲಿನ ಚಿತ್ರಗಳಂತೆ ನರ್ತಕರು ಅಡ್ಡಡ್ಡಲಾಗಿ ಚಪ್ಪಟೆಯಾಗಿ ಚಲಿಸುವ ‘ಫಾನನ ಅಪರಾಹ್ನ’ ಹೀಗೆ ರೂಪುಗೊಂಡು 1912ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಯಿತು. ಅದು ಹತ್ತು ಹನ್ನೆರಡು ನಿಮಿಷಗಳ ನೃತ್ಯ. ಹಾರಾಟದಲ್ಲಿ ಅಸಮಾನನೆಂದು ಹೆಸರಾದ ನರ್ತಕ ಅದರಲ್ಲಿ ಒಂದೇ ಒಂದು ಸಲ ಹಾರುತ್ತಾನೆ.

ಮರುವರ್ಷ ಅದೇ ಮೇ 29ರಂದು ‘ವಸಂತದ ವಿಧಿ’ ಬಂದಿತು. ಸಂಗೀತ ಸ್ಟ್ರಾವಿನ್ಸ್ಕಿಯವರದು. ನಾಡಿಗೆ ವಸಂತ ಬರಲೆಂದು ಒಬ್ಬ ಕನ್ಯೆಯನ್ನು ಆರಿಸಿ, ಅವಳು ಸಾಯುವವರೆಗೂ ಕುಣಿಯುವಂತೆ ಮಾಡುವ ಪ್ರಾಚೀನ ಬಲಿಯ ವಸ್ತು. ಆ ಕನ್ಯೆಯ ಕುಣಿತವನ್ನು ಅಣ್ಣ ಹಂತಹಂತವಾಗಿ ಕಟ್ಟಿದ್ದು ತಂಗಿಯೊಡನೆ. ಆದರೆ ಅಷ್ಟರಲ್ಲಿ ಮದುವೆಯಾಗಿದ್ದ ಆಕೆ ಗರ್ಭಿಣಿಯೆಂದು ತಿಳಿದು, ಪಾತ್ರ ಬೇರೊಬ್ಬರ ಪಾಲಾಯಿತು. ಪಾದಗಳನ್ನು ಒಳಮುಖ ಮಾಡಿ, ಬೆನ್ನು ಬಾಗಿಸಿ, ನೆಲವನ್ನು ಧಡಧಡ ತುಳಿಯುವ ಆ ನೃತ್ಯವನ್ನು ಕಂಡು ಪ್ರೇಕ್ಷಕರು ಎಬ್ಬಿಸಿದ ಗದ್ದಲ ಜಗತ್ಪ್ರಸಿದ್ಧ. ವಾದ್ಯಗಳ ಧ್ವನಿಯೇ ಕೇಳದಂತಾಗಿ, ನಿಜಿನ್ಸ್ಕಿ ರಂಗದ ಮಗ್ಗುಲಲ್ಲಿ ಕುರ್ಚಿಯ ಮೇಲೆ ನಿಂತು ತಾಳದ ಎಣಿಕೆಯನ್ನು ಕೂಗಿ ಹೇಳಬೇಕಾಯಿತು.

ಅಣ್ಣನ ಸಂಯೋಜನೆಯ ಕಾಲ ಅಲ್ಲಿಗೆ ಮುಕ್ಕಾಲುಪಾಲು ಮುಗಿದಂತಾಯಿತು. ಆತನ ಮದುವೆ, ಡಯಾಗಿಲೆವ್ ಅವರ ಕೋಪ, ಕೆಲಸದಿಂದ ಬಿಡುಗಡೆ, ಕೊನೆಗೆ ಮನಸ್ಸಿನ ಕಾಯಿಲೆ, ಇವು ಒಂದರ ಬೆನ್ನಿಗೆ ಒಂದಾಗಿ ಬಂದವು. ಸ್ವಂತ ತಂಡ ಕಟ್ಟಿ 1914ರಲ್ಲಿ ಆತ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ನಿಂತಾಗ ತಂಗಿ ಜೊತೆಯಲ್ಲಿದ್ದು ದುಡಿದಳು; ಆತನ ಅಸ್ವಾಸ್ಥ್ಯದಿಂದ ಅದೂ ನಿಂತಿತು. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಅಣ್ಣ ಹೊರದೇಶದಲ್ಲಿ, ತಂಗಿ ರಷ್ಯದಲ್ಲಿ. ಅಲ್ಲಿಂದ ಆಕೆಯ ಸ್ವಂತ ದಾರಿ ಮೊದಲಾಗುತ್ತದೆ.

1915ರಲ್ಲಿ ಪತಿಗೆ ಕೀವ್ ನಗರದ ಆಪೆರಾದಲ್ಲಿ ಕೆಲಸವಾಗಿ ಸಂಸಾರ ಅಲ್ಲಿಗೆ ಹೋಯಿತು. ಎರಡು ವರ್ಷಗಳಲ್ಲಿ ಕ್ರಾಂತಿಯಾಯಿತು. ಕ್ರಾಂತಿಯ ಹಿಂದೆಯೇ ಅಂತರ್ಯುದ್ಧ. ಕೀವ್ ಒಂದು ಸೈನ್ಯದ ಕೈಯಿಂದ ಇನ್ನೊಂದರ ಕೈಗೆ ಮತ್ತೆ ಮತ್ತೆ ಹೋಗುತ್ತಿತ್ತು. ಅನ್ನಕ್ಕೆ ಕಷ್ಟ, ಸೌದೆಗೆ ಕಷ್ಟ. ಗಂಡ ಹೆಂಡಿರು ಬೇರೆಯಾದರು. ಮನೆಯಲ್ಲಿ ಮುದುಕಿ ತಾಯಿ, ಐದು ವರ್ಷದ ಮಗಳು, ಹಸುಗೂಸು ಮಗ. ಇಂಥ 1919ರಲ್ಲಿ ಆಕೆ ‘ಚಲನೆಯ ಶಾಲೆ’ ಎಂಬ ಹೆಸರಿನಿಂದ ಒಂದು ಶಾಲೆಯನ್ನು ತೆರೆದರು!

ಆ ಶಾಲೆಯ ಹೆಸರಿನಲ್ಲಿಯೇ ಆಕೆಯ ಹೊಸ ದರ್ಶನವಿದೆ. ಹಳೆಯ ಶಾಲೆ ಕಲಿಸಿದ್ದು ನಿಲುವುಗಳನ್ನು. ಒಂದು ಚೆಲುವಾದ ನಿಲುವಿನಿಂದ ಇನ್ನೊಂದು ಚೆಲುವಾದ ನಿಲುವಿಗೆ ಹೋಗುವುದೇ ನೃತ್ಯವೆಂದು ಅದರ ಭಾವನೆ. ನಿಲುವು ನೃತ್ಯದ ಪ್ರಾಣವಲ್ಲ, ಒಂದರಿಂದ ಇನ್ನೊಂದಕ್ಕೆ ಹರಿಯುವ ಚಲನೆಯೇ ಪ್ರಾಣವೆಂದು ನಿಜಿನ್ಸ್ಕಾ ಬರೆದರು, ಕಲಿಸಿದರು. ಸಂಗೀತದಲ್ಲಿ ಸ್ವರಕ್ಕೂ ಸ್ವರಕ್ಕೂ ನಡುವಿನ ಜಾರು ಗಮಕಗಳನ್ನು ತೆಗೆದುಹಾಕಿದರೆ ನಮ್ಮ ರಾಗ ರಾಗವಾಗಿ ಉಳಿಯುವುದೆ? ಹಾಗೆಯೇ ಇದು ಎಂದು ನಾವು ತಿಳಿಯಬಹುದು. ಅದೇ ಊರಿನಲ್ಲಿದ್ದ ನವ್ಯ ಚಿತ್ರಕಲಾವಿದೆ ಅಲೆಕ್ಸಾಂಡ್ರಾ ಎಕ್ಸ್‌ಟರ್ ಅವರ ಒಡನಾಟ ಆಕೆಗೆ ಒದಗಿತು. ಚಿತ್ರದಲ್ಲಿ ಗೆರೆ, ಬಣ್ಣ, ಆಕಾರಗಳೇ ಮಾತಾಡಬಲ್ಲವಾದರೆ, ನೃತ್ಯದಲ್ಲಿ ಮೈಯ ರೇಖೆ, ಗುಂಪಿನ ಆಕಾರ, ತಾಳದ ಬಲಗಳೇ ಏಕೆ ಮಾತಾಡಬಾರದು? ರಾಜಕುಮಾರನೇಕೆ ಬೇಕು? ಶಾಪವೇಕೆ ಬೇಕು? ಆಕೆ ಕೀವ್‌ನಲ್ಲಿ ಕಥೆಯೇ ಇಲ್ಲದ ನೃತ್ಯಗಳನ್ನು ಸಂಯೋಜಿಸಿದರು. ಕನ್ನಡ ಕಾವ್ಯದಲ್ಲಿ ನವ್ಯವೆಂದರೆ ಹಳೆಯ ಅಲಂಕಾರಗಳನ್ನು ಕೆಳಗಿಳಿಸಿ ನುಡಿಯ ಕಸುವನ್ನೇ ನೆಚ್ಚುವುದೆಂದು ಬಲ್ಲವರು ಹೇಳುತ್ತಾರೆ. ನೃತ್ಯದ ನವ್ಯವೂ ಇಂಥದೇ.

1921ರಲ್ಲಿ ಅಣ್ಣ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಮತಿವಿಕಲನಾಗಿದ್ದಾನೆಂಬ ಸುದ್ದಿ ಆಕೆಯ ಮುಂದಿತ್ತು. ಹೊರಡಲು ಅನುಮತಿ ಮಾತ್ರ ಇರಲಿಲ್ಲ. ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಆಕೆ ಗಡಿಯಲ್ಲಿದ್ದ ಬುಗ್ ನದಿಯನ್ನು ಕಳ್ಳದಾರಿಯಲ್ಲಿ ದಾಟಿ ಪೋಲೆಂಡಿಗೆ ಬಂದರು. ವಿಯೆನ್ನಾದಲ್ಲಿ ಅಣ್ಣನನ್ನು ಕಂಡರು. ಒಂದು ಕಾಲದಲ್ಲಿ ತನ್ನನ್ನು ಮಣ್ಣಿನಂತೆ ಮಿದ್ದಿ ಹೊಸ ನೃತ್ಯ ಕಟ್ಟಿದವನು ಈಗ ಯಾವುದಕ್ಕೂ ಒದಗದವನಾಗಿದ್ದನು. ಉಳಿದ ಕೆಲಸ ತಂಗಿಯ ಕೈಗೆ ಬಂದಿತ್ತು.

ಅದೇ ವರ್ಷ ಡಯಾಗಿಲೆವ್ ಆಕೆಯನ್ನು ಮತ್ತೆ ಕರೆಸಿಕೊಂಡರು. ಲಂಡನ್ನಿನಲ್ಲಿ ಪೆಟಿಪಾ ಅವರ ‘ನಿದ್ರಿಸುವ ಸುಂದರಿ’ಯನ್ನು ಅಪಾರ ವೈಭವದಿಂದ ರಂಗಕ್ಕೆ ತರುವ ಉದ್ಯೋಗ ಆಗ ನಡೆದಿತ್ತು. ನಿಜಿನ್ಸ್ಕಾ ಅದರಲ್ಲಿ ನರ್ತಿಸಿದರು, ಕೆಲವು ಹೊಸ ಭಾಗಗಳನ್ನು ಸಂಯೋಜಿಸಿಯೂ ಕೊಟ್ಟರು. ಆದರೆ ಹಸಿವನ್ನೂ ಗುಂಡಿನ ಸದ್ದನ್ನೂ ಕಂಡು ಬಂದ ಆಕೆಗೆ ಆ ರೇಷ್ಮೆ ಕಿರೀಟಗಳು ಹಿಂದಕ್ಕೆ ನಡೆಯುವ ಕೆಲಸವೆಂದು ತೋರಿದವು. ಕ್ರಾಂತಿಯಿಂದ ಓಡಿ ಬಂದ ಹಲವು ರಷ್ಯನ್ನರು ಹೊರನಾಡಿನಲ್ಲಿ ಕುಳಿತು ಕಳೆದುಹೋದ ಅರಮನೆಯ ಕನಸನ್ನೇ ಕಾಣುತ್ತಿದ್ದ ಕಾಲ ಅದು. ಆಕೆಯೂ ಕಳೆದುಕೊಂಡವರೇ. ಆಕೆ ನೆನೆದದ್ದು ಮಾತ್ರ ಬೇರೆ ರೀತಿಯಲ್ಲಿ.

ಈಗ ಮದುವೆಯ ಮಾತಿಗೆ ಬರೋಣ. ಸ್ಟ್ರಾವಿನ್ಸ್ಕಿಯವರು ಸ್ವಿಟ್ಜರ್ಲೆಂಡಿನಲ್ಲಿ ಇದ್ದಾಗ, ಯುದ್ಧದಿಂದ ಊರಿನ ದಾರಿ ಮುಚ್ಚಿಹೋಗಿದ್ದ ಕಾಲದಲ್ಲಿ, ರಷ್ಯದ ಹಳ್ಳಿಗಳಲ್ಲಿ ಸಂಗ್ರಹಿಸಿದ್ದ ಜನಪದ ಹಾಡುಗಳ ಒಂದು ಹಳೆಯ ಸಂಕಲನವನ್ನು ಮುಂದಿಟ್ಟುಕೊಂಡು ‘ಮದುವೆ’ ಎಂಬ ಕೃತಿಯನ್ನು ರಚಿಸತೊಡಗಿದರು. ಫ್ರೆಂಚಿನಲ್ಲಿ ಅದರ ಹೆಸರು ‘ಲೆ ನೋಸ್’. ಹಾಡುಗಳು ಬೇಗ ಸಿದ್ಧವಾದವು. ವಾದ್ಯಗಳ ಯೋಜನೆ ಮಾತ್ರ ಹಲವು ಸಲ ಬದಲಾಗಿ, 1923ರಲ್ಲಿ ನಾಲ್ಕು ಪಿಯಾನೋಗಳು, ಬಡಿಯುವ ವಾದ್ಯಗಳು, ಹಾಡುವ ಮೇಳ ಎಂದು ಸ್ಥಿರವಾಯಿತು. ಪಿಟೀಲಿನ ಇಂಪಿಲ್ಲ; ಗಂಟೆ ಬಡಿದಂತೆ, ಸುತ್ತಿಗೆ ಹೊಡೆದಂತೆ ಅದರ ನಾದ.

ಇದರ ವೇಷಭೂಷಣಗಳನ್ನು ಬರೆಯುವ ಕೆಲಸ ನತಾಲಿಯಾ ಗೊಂಚರೋವಾ ಎಂಬ ಪ್ರಸಿದ್ಧ ಚಿತ್ರಕಲಾವಿದೆಗೆ ಬಂದಿತ್ತು. ಹಳ್ಳಿಯ ಮದುವೆಯೆಂದ ಮೇಲೆ ಕೆಂಪು, ಹಳದಿ, ಕಸೂತಿ, ಭಾರಿ ನಿಲುವಂಗಿಗಳು ಇರಬೇಕಷ್ಟೆ. ಪ್ಯಾರಿಸ್ಸಿನವರು ‘ರಷ್ಯನ್’ ಎಂದರೆ ಬಯಸುತ್ತಿದ್ದುದೂ ಅದನ್ನೇ. ಡಯಾಗಿಲೆವ್ ತಂಡಕ್ಕೆ ಹೆಸರು ತಂದುಕೊಟ್ಟಿದ್ದೂ ಅಂಥ ಬಣ್ಣವೇ. ಡಯಾಗಿಲೆವ್ ಆ ಚಿತ್ರಗಳನ್ನು ನಿಜಿನ್ಸ್ಕಾ ಅವರಿಗೆ ತೋರಿಸಿದರು. ಚಿತ್ರಗಳು ಚೆನ್ನಾಗಿವೆ, ಆದರೆ ಈ ಸಂಗೀತಕ್ಕೂ ನನ್ನ ಮನಸ್ಸಿನಲ್ಲಿರುವ ನೃತ್ಯಕ್ಕೂ ಹೊಂದುವುದಿಲ್ಲವೆಂದು ಆಕೆ ಹೇಳಿಬಿಟ್ಟರು. ಯೋಚಿಸಿ ನೋಡಿ. ನಿರಾಶ್ರಿತೆಯಾಗಿ ಬಂದು ವರ್ಷ ತುಂಬಿಲ್ಲ. ಬೆನ್ನಿಗೆ ತಾಯಿ, ಮಕ್ಕಳು, ರೋಗಿಯಾದ ಅಣ್ಣ. ಅನ್ನ ಕೊಟ್ಟ ಯಜಮಾನರ ಮುಂದೆ, ಅವರು ಮೆಚ್ಚಿದ್ದನ್ನು ಒಲ್ಲೆನೆಂದರು. ಕೆಲಸ ಕೈತಪ್ಪಿತೆಂದೇ ಆಯಿತು. ಸುಮಾರು ಒಂದು ವರ್ಷ ಕಳೆದ ಮೇಲೆ ಡಯಾಗಿಲೆವ್ ತಾವಾಗಿಯೇ ಮತ್ತೆ ಆ ಮಾತನ್ನೆತ್ತಿ, ನಿಮ್ಮ ಮನಸ್ಸಿನಂತೆಯೇ ಆಗಲಿ ಎಂದರು. ಗೊಂಚರೋವಾ ಅವರೂ ದೊಡ್ಡ ಮನಸ್ಸಿನವರು. ಬಣ್ಣಗಳನ್ನೆಲ್ಲ ಬಿಟ್ಟು, ಮಣ್ಣಿನ ಕಂದು ಮತ್ತು ಬಿಳಿ, ಈ ಎರಡರಲ್ಲಿಯೇ ಹೊಸದಾಗಿ ಎಲ್ಲರ ಉಡುಪನ್ನೂ ಬರೆದುಕೊಟ್ಟರು.

1923ರ ಜೂನ್ 13ರಂದು ಪ್ಯಾರಿಸ್ಸಿನ ಗೇತೆ ಲಿರೀಕ್ ರಂಗಮಂದಿರದಲ್ಲಿ ತೆರೆ ಸರಿದಾಗ ಕಂಡದ್ದೇನು? ಬರಿಗೋಡೆಯಂಥ ಹಿನ್ನೆಲೆ. ಎಲ್ಲರಿಗೂ ಒಂದೇ ಬಗೆಯ ಉಡುಪು. ನಾಯಕಿಯ ನೃತ್ಯವಿಲ್ಲ, ನಾಯಕನ ಹಾರಾಟವಿಲ್ಲ. ಮದುಮಗಳು ನಾಸ್ತಾಸ್ಯಾ, ಮದುಮಗ ಫೇತಿಸ್, ಇವರಿಬ್ಬರೂ ಕುಣಿಯುವುದು ಅತ್ಯಲ್ಪ. ಕುಣಿಯುವುದು ಊರು, ಕೇರಿ, ಗುಂಪು.

ಮೊದಲನೆಯ ದೃಶ್ಯದಲ್ಲಿ ಹೆಣ್ಣಿಗೆ ಜಡೆ ಹೆಣೆಯುತ್ತಾರೆ. ರಷ್ಯದ ಹಳ್ಳಿಗಳಲ್ಲಿ ಕನ್ಯೆಗೆ ಒಂದು ಜಡೆ, ಮುತ್ತೈದೆಗೆ ಎರಡು. ಆ ಒಂಟಿ ಜಡೆಯನ್ನು ಬಿಚ್ಚುವುದೆಂದರೆ ತವರಿನ ಸಲಿಗೆ ಮುಗಿಯಿತೆಂದು ಅರ್ಥ. ನಿಜಿನ್ಸ್ಕಾ ಆ ಜಡೆಗಳನ್ನು ಹಗ್ಗದಂತೆ ಮಾರುಗಟ್ಟಲೆ ಉದ್ದ ಮಾಡಿ ಗೆಳತಿಯರ ಕೈಗೆ ಕೊಟ್ಟರು. ಗೆಳತಿಯರು ಕಾಲ್ಬೆರಳ ತುದಿಯಲ್ಲಿ ನಿಂತು, ಜಡೆ ಹೆಣೆದಂತೆಯೇ ಕಾಲಿಗೆ ಕಾಲನ್ನು ಅಡ್ಡ ಹಾಕುತ್ತ ಚಲಿಸುತ್ತಾರೆ. ಕೊನೆಯಲ್ಲಿ ಅವರ ತಲೆಗಳು ಒಂದರ ಮೇಲೊಂದು ಗೋಪುರದಂತೆ ಏರುತ್ತವೆ. ತುದಿಯಲ್ಲಿ ಮದುಮಗಳ ಮುಖ. ಎರಡನೆಯದು ಗಂಡಿನ ಮನೆ. ಮೂರನೆಯದು ಹೆಣ್ಣು ಹೊರಡುವುದು. ಎಲ್ಲರೂ ಹೋದ ಮೇಲೆ ತಾಯಂದಿರ ಗೋಳು ಉಳಿಯುತ್ತದೆ. ನಾಲ್ಕನೆಯದು ಊಟೋಪಚಾರ. ಕೆಳಗೆ ಊರೆಲ್ಲ ಕುಣಿಯುತ್ತದೆ. ಮೇಲೆ ಜಗಲಿಯಂಥ ಎತ್ತರದಲ್ಲಿ ಹೆಣ್ಣು ಗಂಡು ಬೊಂಬೆಗಳಂತೆ ಕುಳಿತಿರುತ್ತಾರೆ. ಆಮೇಲೆ ಅವರನ್ನು ಒಳಗೆ ಕಳಿಸಿ ಬಾಗಿಲು ಮುಚ್ಚುತ್ತಾರೆ. ಗುಂಪು ಸ್ತಬ್ಧವಾಗುತ್ತದೆ, ಗಂಟೆಯ ನಾದದಂಥ ಸ್ವರಗಳು ಬಿಟ್ಟು ಬಿಟ್ಟು ಕೇಳಿ ಅಡಗುತ್ತವೆ. ಇಷ್ಟೆಲ್ಲ ಮುಗಿಯುವುದು ಅರ್ಧ ಗಂಟೆಯೊಳಗೆ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಲ್ಬೆರಳ ತುದಿಯಲ್ಲಿ ನಿಲ್ಲುವುದು ಅರಮನೆಯ ಬ್ಯಾಲೆಯ ಗುರುತು. ಅಣ್ಣ ‘ವಸಂತದ ವಿಧಿ’ಯಲ್ಲಿ ಅದನ್ನು ತೆಗೆದೊಗೆದಿದ್ದನು. ತಂಗಿ ಅದನ್ನು ಬಿಡಲಿಲ್ಲ, ಅರ್ಥವನ್ನು ಬದಲಿಸಿದರು. ಅಪ್ಸರೆಯ ಹಗುರವನ್ನು ತೋರಿಸಲು ಇದ್ದ ಆ ನಿಲುವಿನಿಂದ ಆಕೆ ಹಳ್ಳಿಯ ಹೆಂಗಸರನ್ನು ರಷ್ಯದ ದೇವಾಲಯಗಳ ಹಳೆಯ ಚಿತ್ರಪಟಗಳಲ್ಲಿರುವ ಸಂತರಂತೆ ನೀಳವಾಗಿ ನಿಲ್ಲಿಸಿದರು. ಅದೇ ತುದಿಗಾಲಿನಿಂದ, ಒನಕೆ ಒರಳಿಗೆ ಬಿದ್ದಂತೆ ನೆಲವನ್ನು ಕುಟ್ಟಿಸಿದರು. ಪೀಟರ್ಸ್‌ಬರ್ಗಿನ ಶಾಲೆಯಲ್ಲಿ ಎಂಟು ವರ್ಷ ಬೆವರು ಸುರಿಸಿ ಕಲಿತದ್ದು ಹೀಗೆ ಹಳ್ಳಿಯ ಕೆಲಸಕ್ಕೆ ಒದಗಿತು. ಬ್ಯಾಲೆಯ ನರ್ತಕಿ ನವ್ಯ ಸಂಯೋಜಕಿಯಾದದ್ದು ಇಲ್ಲಿ. ಹಳೆಯ ಮನೆಯನ್ನು ಕೆಡವಿ ಬೀದಿಗೆ ಬಂದವರ ದಾರಿ ಇದಲ್ಲ. ಅದೇ ಮನೆಯ ತೊಲೆ ಕಂಬಗಳನ್ನು ಬಿಚ್ಚಿ ತಂದು ತನ್ನ ಕಾಲಕ್ಕೆ ಬೇಕಾದ ಹೊಸ ಮನೆ ಕಟ್ಟಿದವರ ದಾರಿ.

ಇನ್ನೊಂದು ಸೂಕ್ಷ್ಮ ಹೆಂಗಸಿನದು. ಮದುವೆಯೆಂದರೆ ಸಂಭ್ರಮವೆಂದು ಗಂಡಸರು ಬರೆದಾರು. ಹಿರಿಯರು ಗೊತ್ತುಮಾಡಿದ, ಒಬ್ಬರನ್ನೊಬ್ಬರು ಅರಿಯದ ಎರಡು ಎಳೆಯ ಜೀವಗಳ ಎದೆಯಲ್ಲಿ ಆ ದಿನ ಏನಿರುತ್ತದೆ, ಮಗಳನ್ನು ಕಳಿಸುವ ತಾಯಿಯ ಹೊಟ್ಟೆಯಲ್ಲಿ ಏನಿರುತ್ತದೆ ಎಂಬುದನ್ನು ಈಕೆ ನೋಡಿದರು. ನಮ್ಮ ಹಳ್ಳಿಗಳ ಮದುವೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಮೊದಲಾಯಿತೆಂದರೆ, ಅಲ್ಲಿಯವರೆಗೆ ನಗುನಗುತ್ತ ಓಡಾಡುತ್ತಿದ್ದ ಬೀಗರೂ ಸೆರಗಿನಿಂದ ಕಣ್ಣೊರಸಿಕೊಳ್ಳುವುದಿಲ್ಲವೆ? ರಷ್ಯದ ಹಳ್ಳಿಗೂ ನಮ್ಮ ಹಳ್ಳಿಗೂ ಈ ಒಂದು ಗಳಿಗೆಯಲ್ಲಿ ಭೇದವಿಲ್ಲ. ಜಡೆಯ ಹಗ್ಗ ಹಿಡಿದು ನಿಂತ ಆ ಗೆಳತಿಯರನ್ನು ಕಂಡರೆ ನಮ್ಮ ತಾಯಂದಿರಿಗೆ ಯಾರೂ ಭಾಷ್ಯ ಹೇಳಬೇಕಾಗಿಲ್ಲ.

ಎಲ್ಲರೂ ಮೆಚ್ಚಿದರೆಂದು ಹೇಳಲಾರೆವು. ಮನುಷ್ಯರನ್ನು ಯಂತ್ರದಂತೆ ಕುಣಿಸಿದ್ದಾಳೆಂದು ಆಕ್ಷೇಪಿಸಿದವರುಂಟು. 1926ರಲ್ಲಿ ಲಂಡನ್ನಿನ ವಿಮರ್ಶಕರು ಹಳಿದಾಗ, ಕಾದಂಬರಿಕಾರ ಎಚ್. ಜಿ. ವೆಲ್ಸ್ ಬಹಿರಂಗ ಪತ್ರ ಬರೆದು ಈ ಕೃತಿಯ ಪಕ್ಷ ವಹಿಸಿದರು. ಇನ್ನೂ ಒಂದು ಸ್ವಾರಸ್ಯವಿದೆ. ಅದೇ 1923ರಲ್ಲಿ, ಪೀಟರ್ಸ್‌ಬರ್ಗಿನ ಅದೇ ಶಾಲೆಯಿಂದ ಬಂದ ಅನ್ನಾ ಪಾವ್ಲೋವಾ ಅವರು ನಮ್ಮ ಉದಯಶಂಕರರಿಂದ ‘ಹಿಂದೂ ಮದುವೆ’ ಎಂಬ ನೃತ್ಯವನ್ನು ಸಂಯೋಜಿಸಿಕೊಂಡು ಲಂಡನ್ನಿನಲ್ಲಿ ಪ್ರದರ್ಶಿಸಿದರು. ಊರು ಬಿಟ್ಟು ಬಂದವರು ಯೂರೋಪಿನ ರಂಗದ ಮೇಲೆ ಊರಿನ ಮದುವೆಯನ್ನು ನಡೆಸಿದ ವರ್ಷ ಅದು!

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. 1924ರಲ್ಲಿ ನಿಜಿನ್ಸ್ಕಾ ಶ್ರೀಮಂತರ ಕೂಟವೊಂದನ್ನು ಮೆಲುನಗೆಯಿಂದ ಚಿತ್ರಿಸುವ ‘ಲೆ ಬಿಶ್’ ಎಂಬ ನೃತ್ಯವನ್ನೂ, ಈಜು, ಟೆನ್ನಿಸ್ ಮೊದಲಾದ ಆಟಗಳ ಚಲನೆಯನ್ನೇ ನೃತ್ಯವಾಗಿಸಿದ ‘ನೀಲಿ ರೈಲು’ ಎಂಬುದನ್ನೂ ರಚಿಸಿದರು. 1928ರಲ್ಲಿ ರಾವೆಲ್ ಅವರ ‘ಬೊಲೆರೊ’ ಮೊಟ್ಟಮೊದಲು ರಂಗಕ್ಕೆ ಬಂದದ್ದು ಆಕೆಯ ಸಂಯೋಜನೆಯಲ್ಲಿ. 1935ರಲ್ಲಿ ಮೋಟಾರು ಅಪಘಾತದಲ್ಲಿ ಮಗನನ್ನು ಕಳೆದುಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕ ಸೇರಿ, ಕ್ಯಾಲಿಫೋರ್ನಿಯದಲ್ಲಿ ಶಾಲೆ ತೆರೆದು ಮಕ್ಕಳಿಗೆ ಪಾಠ ಹೇಳಿದರು. ಹೆಸರಾಂತ ನರ್ತಕಿ ಮರಿಯಾ ಟಾಲ್‌ಚೀಫ್ ಆಕೆಯ ಶಿಷ್ಯೆ. ಆದರೆ ಆಕೆಯ ಕೃತಿಗಳು ರಂಗದಿಂದ ಮರೆಯಾಗತೊಡಗಿದ್ದವು. ನೃತ್ಯಕ್ಕೆ ಓಲೆಗರಿಯಿಲ್ಲ, ಕುಣಿಯುವವರು ಕುಣಿಯುವುದನ್ನು ಬಿಟ್ಟರೆ ಅದು ಹೋದಂತೆಯೇ. ತರುಣನಾಗಿದ್ದಾಗ ಆಕೆಯ ಕೈಕೆಳಗೆ ದುಡಿದಿದ್ದ ಫ್ರೆಡರಿಕ್ ಆಷ್ಟನ್ ಲಂಡನ್ನಿನ ರಾಯಲ್ ಬ್ಯಾಲೆಯ ನಿರ್ದೇಶಕರಾದ ಮೇಲೆ ಗುರುವನ್ನು ನೆನೆದು ಕರೆಸಿ, 1964ರಲ್ಲಿ ‘ಲೆ ಬಿಶ್’, 1966ರಲ್ಲಿ ‘ಮದುವೆ’ಗಳನ್ನು ಆಕೆಯಿಂದಲೇ ಮತ್ತೆ ಕಟ್ಟಿಸಿದರು. ಎಪ್ಪತ್ತೈದು ವರ್ಷದ ವೃದ್ಧೆ ತನ್ನ ಮದುವೆಯನ್ನು ಹೊಸ ತಲೆಮಾರಿನ ಮೈಗಳಿಗೆ ಒಪ್ಪಿಸಿಕೊಟ್ಟರು. ಅದರಿಂದಾಗಿ ಅದು ಉಳಿಯಿತು. 1972ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಆಕೆ ತೀರಿಕೊಂಡರು. 2003ರಲ್ಲಿ, ಮೊದಲ ಪ್ರದರ್ಶನವಾಗಿ ಎಂಬತ್ತು ವರ್ಷಗಳ ಮೇಲೆ, ‘ಮದುವೆ’ ಪೀಟರ್ಸ್‌ಬರ್ಗಿನ ಮಾರಿನ್ಸ್ಕಿ ರಂಗವನ್ನು ಏರಿತು. ಯಾವ ರಂಗಮಂದಿರದ ನೌಕರಿಯನ್ನು ಆಕೆ ಇಪ್ಪತ್ತರಲ್ಲಿ ಬಿಟ್ಟು ಬಂದಿದ್ದರೋ ಅಲ್ಲಿಗೆ! ಹೊರನಾಡಿನಲ್ಲಿ ಹುಟ್ಟಿದ್ದು ಕೊನೆಗೆ ತವರನ್ನು ಕಂಡಿತು.

ಬಂಧುಗಳೆ, ಇದರಿಂದ ನಮಗೇನು? ಪ್ರತಿವರ್ಷ ಈ ವೇದಿಕೆಯ ಮೇಲೆ ನಮ್ಮ ಮಕ್ಕಳು ಇಳಕಲ್ ಸೀರೆ ಉಟ್ಟು, ಪೇಟ ಸುತ್ತಿ, ಕೋಲಾಟ ಆಡುತ್ತಾರೆ, ಸುಗ್ಗಿಯ ಹಾಡಿಗೆ ಕುಣಿಯುತ್ತಾರೆ. ನೋಡಲು ಕಣ್ಣಿಗೆ ಹಬ್ಬ, ಅದು ನಡೆಯಲಿ. ಆದರೆ ಆ ಮಗುವಿಗೆ ಹಾಡಿನ ಮಾತು ಎಷ್ಟು ಗೊತ್ತು? ಸುಗ್ಗಿಯೆಂದರೆ ಏನೆಂದು, ಹಸೆಗೆ ಕರೆಯುವುದೆಂದರೆ ಏನೆಂದು ಯಾರಾದರೂ ಕೂರಿಸಿಕೊಂಡು ಹೇಳಿದ್ದೇವೆಯೆ? ಉಡುಪನ್ನು ಬಾಡಿಗೆಗೆ ತರಬಹುದು, ಪೆಟ್ಟಿಗೆಯಲ್ಲಿ ಮಡಿಸಿಡಬಹುದು. ಹಾಡಿನ ಒಳಗಿನ ದುಃಖವನ್ನೂ ಹಿಗ್ಗನ್ನೂ ಬಾಡಿಗೆಗೆ ತರಲಾಗದು. ನಿಜಿನ್ಸ್ಕಾ ಬಣ್ಣದ ಉಡುಪನ್ನು ಒಲ್ಲೆನೆಂದದ್ದು ಊರಿನ ಮೇಲಿನ ಉದಾಸೀನದಿಂದಲ್ಲ. ಬಣ್ಣದ ಗದ್ದಲದಲ್ಲಿ ಆ ತಾಯಿಯ ಗೋಳು ಕೇಳದೆ ಹೋದೀತೆಂಬ ಅಂಜಿಕೆಯಿಂದ.

ನಮ್ಮ ಸಂಘದ ಮನೆಗಳಲ್ಲಿ ಅಜ್ಜಿಯರ ಸಂಖ್ಯೆ ವರ್ಷವರ್ಷಕ್ಕೂ ಕಡಮೆಯಾಗುತ್ತಿದೆ. ಹೆಣ್ಣೊಪ್ಪಿಸುವ ಹಾಡು, ಬೀಗರ ಹಾಡು, ಬೀಸುವ ಹಾಡುಗಳು ಅವರ ನಾಲಗೆಯ ಮೇಲಿವೆ. ಯಾವ ಊರಿನ ಹಾಡು, ಯಾವಾಗ ಹಾಡುವುದು, ಹಾಡುವಾಗ ಯಾರು ಎಲ್ಲಿ ಕೂರುವರು ಎಂಬುದನ್ನೆಲ್ಲ ಅವರಿಂದ ಕೇಳಿ ಬರೆದಿಟ್ಟು, ಮುಂದಿನ ರಾಜ್ಯೋತ್ಸವದೊಳಗೆ ನಮ್ಮ ಹುಡುಗ ಹುಡುಗಿಯರಿಗೆ ಒಂದೊಂದನ್ನಾದರೂ ಅರ್ಥಸಹಿತ ಕಲಿಸುವ ಕೆಲಸವನ್ನು ಸಂಘ ಕೈಕೊಳ್ಳಲಿ ಎಂಬುದು ನಮ್ಮ ಪ್ರಾರ್ಥನೆ. ಆಮೇಲೆ ಆ ಮಕ್ಕಳು ಅದನ್ನು ತಮ್ಮ ಕಾಲಕ್ಕೆ ಒಪ್ಪುವಂತೆ ಹೇಗೆ ಬೇಕಾದರೂ ಕಟ್ಟಲಿ. ಸೀರೆಯಲ್ಲಿ ಕಟ್ಟಲಿ, ಬರಿಯ ಬಿಳಿಯ ಬಟ್ಟೆಯಲ್ಲಿ ಕಟ್ಟಲಿ. ನಮಗೆ ಗುರುತು ಸಿಗದಷ್ಟು ಹೊಸದಾಗಿ ಕಟ್ಟಿದರೂ ನಾವು ಮುನಿಯಬಾರದು. ಬೇರನ್ನು ಕೈಗೆ ಕೊಟ್ಟ ಮೇಲೆ ಚಿಗುರು ಹೀಗೆಯೇ ಬರಬೇಕೆಂದು ಹಟ ಹಿಡಿಯುವುದು ಹಿರಿಯರಿಗೆ ಸಲ್ಲದು.



ಸಿರಿಗನ್ನಡಂ ಗೆಲ್ಗೆ!